ಯುದ್ಧದ ನಡುವೆ ದಾರಿ ಕೇಳುವವರು

ಎಲ್ಲಾದರೂ ಯುದ್ಧ ಶುರುವಾಯಿತೆಂದರೆ ಓದುಗರಿಂದ ನನಗೆ ಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ‘ನಮ್ಮವರನ್ನು ಕರೆತರಲು ಸರ್ಕಾರ ಇಷ್ಟು ತಡ ಮಾಡುವುದೇಕೆ? ನೌಕಾಪಡೆ ಇದೆ, ವಿಮಾನಗಳಿವೆ, ನೇರವಾಗಿ ಹೋಗಿ ಹತ್ತಿಸಿಕೊಂಡು ಬರಬಾರದೇ?’ ಕೇಳುವವರ ದನಿಯಲ್ಲಿ ಸಿಟ್ಟಿರುತ್ತದೆ, ಅದಕ್ಕಿಂತ ಹೆಚ್ಚಾಗಿ ಭಯವಿರುತ್ತದೆ. ಅಲ್ಲಿ ಮಗಳು ಓದುತ್ತಿರುತ್ತಾಳೆ, ಅಳಿಯ ಕೆಲಸಕ್ಕಿರುತ್ತಾನೆ, ಫೋನು ಹತ್ತುತ್ತಿರುವುದಿಲ್ಲ. ಕುಂದಾಪುರ, ಕಾರವಾರದ ಕಡೆಯಿಂದ ಬರುವ ಪ್ರಶ್ನೆ ಸ್ವಲ್ಪ ಬೇರೆ. ‘ಮಗ ಶಿಪ್ಪಲ್ಲಿದ್ದಾನೆ. ಹಡಗನ್ನೇ ಯಾರಾದರೂ ಹಿಡಿದರೆ ಅವನನ್ನು ಬಿಡಿಸಬೇಕಾದವರು ಯಾರು?’ ಮೊದಲನೆಯ ಪ್ರಶ್ನೆಗೆ ಉತ್ತರ ಇದೆ. ಎರಡನೆಯದಕ್ಕೆ ಇರುವ ಉತ್ತರ ಯಾರಿಗೂ ಸಮಾಧಾನ ತರುವಂಥದ್ದಲ್ಲ. ಹಾಗಾಗಿಯೇ ಇವತ್ತು ಎರಡನ್ನೂ ಒಟ್ಟಿಗೆ ಹಿಡಿದುಕೊಂಡಿದ್ದೇನೆ.

ಟಿ.ವಿ.ಯಲ್ಲಿ ನಮಗೆ ಕಾಣುವುದು ಕೊನೆಯ ದೃಶ್ಯ. ವಿಮಾನದ ಬಾಗಿಲು ತೆರೆಯುತ್ತದೆ, ದಣಿದ ಮುಖಗಳು ಮೆಟ್ಟಿಲಿಳಿಯುತ್ತವೆ, ಸಚಿವರು ಕೈಮುಗಿದು ನಿಂತಿರುತ್ತಾರೆ. ಆ ಬಾಗಿಲು ತೆರೆಯುವ ಮೊದಲು ನಡೆದಿರುವ ಕೆಲಸವೆಲ್ಲ ಮಾತಿನದು. ಬಾಂಬ್ ಹಾಕುತ್ತಿರುವವರ ಹತ್ತಿರ ಮಾತು, ಬಾಂಬ್ ಹಾಕಿಸಿಕೊಳ್ಳುತ್ತಿರುವವರ ಹತ್ತಿರವೂ ಮಾತು. ಯಾವ ರಸ್ತೆ, ಎಷ್ಟು ಹೊತ್ತಿಗೆ, ಎಷ್ಟು ಬಸ್ಸು, ಬಸ್ಸಿನ ಮೇಲೆ ಯಾವ ಬಾವುಟ ಎಂಬ ಸಣ್ಣ ಸಣ್ಣ ವಿವರಗಳಿಗೂ ಇಬ್ಬರಿಂದಲೂ ಒಪ್ಪಿಗೆ ಪಡೆಯಬೇಕು. ಒಬ್ಬರು ಒಪ್ಪಿ ಇನ್ನೊಬ್ಬರಿಗೆ ಸುದ್ದಿ ತಲುಪದಿದ್ದರೆ ಆ ಬಸ್ಸು ಹೊರಡುವಂತಿಲ್ಲ.

2015ರ ಯೆಮೆನ್ ನೋಡಿ. ಆ ವರ್ಷ ಮಾರ್ಚ್ ಕೊನೆಯ ವಾರ ಸೌದಿ ಅರೇಬಿಯಾ ನೇತೃತ್ವದ ಪಡೆಗಳು ಹೌತಿ ಬಂಡುಕೋರರ ಮೇಲೆ ವಾಯುದಾಳಿ ಶುರುಮಾಡಿದವು. ರಾಜಧಾನಿ ಸನಾ ಹೌತಿಗಳ ಕೈಯಲ್ಲಿತ್ತು, ಆಕಾಶ ಸೌದಿಯವರ ಹಿಡಿತದಲ್ಲಿತ್ತು. ಏಡನ್ ಬಂದರಿನ ಸುತ್ತ ಬೀದಿ ಬೀದಿಯಲ್ಲಿ ಗುಂಡು ಹಾರುತ್ತಿತ್ತು. ಆಸ್ಪತ್ರೆಗಳಲ್ಲಿ ದುಡಿಯುತ್ತಿದ್ದ ನರ್ಸುಗಳೂ ಸೇರಿದಂತೆ ಸಾವಿರಾರು ಭಾರತೀಯರು ಅಲ್ಲಿದ್ದರು. ನಮ್ಮ ವಿಮಾನಗಳು ಮಸ್ಕತ್‌ವರೆಗೆ ಹೋಗಿ ಅನುಮತಿಗಾಗಿ ಕಾದು ನಿಂತವು. ಸನಾದಲ್ಲಿ ಇಳಿಯಬೇಕೆಂದರೆ ಕೆಳಗಿನವರೂ ಒಪ್ಪಬೇಕು, ಮೇಲಿನವರೂ ಒಪ್ಪಬೇಕು. ಪ್ರಧಾನಿ ಮೋದಿ ಸೌದಿ ದೊರೆ ಸಲ್ಮಾನ್ ಜೊತೆ ಫೋನಿನಲ್ಲಿ ಮಾತಾಡಿದರು. ಆಗ ವಿದೇಶಾಂಗ ಸಚಿವೆಯಾಗಿದ್ದ ಸುಷ್ಮಾ ಸ್ವರಾಜ್ 2018ರಲ್ಲಿ ಸಿಂಗಪುರದ ಸಮಾವೇಶವೊಂದರಲ್ಲಿ ಹೇಳಿದ ಪ್ರಕಾರ, ಒಂದು ವಾರದ ಮಟ್ಟಿಗೆ ದಿನವೂ ಬೆಳಿಗ್ಗೆ 9ರಿಂದ 11ರವರೆಗೆ ಬಾಂಬ್ ದಾಳಿ ನಿಲ್ಲಿಸಲು ಸೌದಿ ಒಪ್ಪಿತು. ಏಡನ್ ಬಂದರನ್ನೂ ಸನಾ ವಿಮಾನ ನಿಲ್ದಾಣವನ್ನೂ ತೆರೆದುಕೊಡುವಂತೆ ಯೆಮೆನ್ ಕಡೆಯವರನ್ನೂ ಕೇಳಬೇಕಾಯಿತು.

ದಿನಕ್ಕೆ ಎರಡೇ ಗಂಟೆ. ಅಷ್ಟರೊಳಗೆ ಸಮುದ್ರದಾಚೆಯ ಜಿಬೂಟಿಯಿಂದ ವಿಮಾನ ಬಂದಿಳಿಯಬೇಕು, ಜನ ಹತ್ತಬೇಕು, ವಿಮಾನ ಮತ್ತೆ ಏರಬೇಕು. ಊರೊಳಗೆ ಅವಿತಿದ್ದವರು ಚೆಕ್‌ಪೋಸ್ಟ್ ದಾಟಿ ನಿಲ್ದಾಣಕ್ಕೆ ಬಂದು ಕಾದಿರಬೇಕು. ಪಾಸ್‌ಪೋರ್ಟನ್ನು ಮಾಲೀಕರು ಇಟ್ಟುಕೊಂಡಿದ್ದರೆ, ಬಿಟ್ಟುಹೋಗಲು ಬೇಕಾದ ಎಕ್ಸಿಟ್ ಪತ್ರ ಇಲ್ಲದಿದ್ದರೆ, ಅದನ್ನೆಲ್ಲ ರಾಯಭಾರ ಕಚೇರಿಯವರು ಅದಕ್ಕೂ ಮುಂಚೆಯೇ ಬಗೆಹರಿಸಿರಬೇಕು. ಏಡನ್‌ನಲ್ಲಿ ಇನ್ನೂ ಕಷ್ಟ. ಐಎನ್‌ಎಸ್ ಮುಂಬೈ ಬಂದರಿನೊಳಗೆ ಹೋಗಲಾಗದೆ ಹೊರಗಡಲಲ್ಲೇ ನಿಂತಿತು. ದಡದಿಂದ ಜನರನ್ನು ಚಿಕ್ಕ ದೋಣಿಗಳಲ್ಲಿ ತುಂಬಿ ತಂದು ಹಡಗಿಗೆ ಹತ್ತಿಸಿದರು. ‘ಆಪರೇಷನ್ ರಾಹತ್’ನಲ್ಲಿ ಹೀಗೆ 4,600ಕ್ಕೂ ಹೆಚ್ಚು ಭಾರತೀಯರು ಹೊರಬಂದರು. ಅವರ ಜೊತೆಗೆ 40ಕ್ಕೂ ಹೆಚ್ಚು ದೇಶಗಳ ಪ್ರಜೆಗಳೂ ಇದ್ದರು. ತಮ್ಮವರನ್ನು ಕರೆತನ್ನಿ ಎಂದು ಎಷ್ಟೋ ಸರ್ಕಾರಗಳು ದೆಹಲಿಯ ಬಾಗಿಲು ತಟ್ಟಿದ್ದವು. ಅವುಗಳಲ್ಲಿ ನಮಗಿಂತ ಶ್ರೀಮಂತ, ನಮಗಿಂತ ದೊಡ್ಡ ಸೈನ್ಯವಿರುವ ದೇಶಗಳೂ ಇದ್ದವು. ಹಡಗು ವಿಮಾನಗಳು ಅವರಲ್ಲೂ ಇದ್ದವು. ಆದರೆ ಎರಡೂ ಕಡೆ ‘ಸ್ವಲ್ಪ ನಿಲ್ಲಿಸಿ’ ಎಂದು ಕೇಳುವಷ್ಟು ಸಲುಗೆ ಆ ಹೊತ್ತಿಗೆ ಎಲ್ಲರಿಗೂ ಇರಲಿಲ್ಲ.

ಈ ಸಲುಗೆ ಯುದ್ಧ ಬಂದ ಮೇಲೆ ಹುಟ್ಟುವಂಥದ್ದಲ್ಲ, ವರ್ಷಾನುಗಟ್ಟಲೆ ಉಳಿಸಿಕೊಂಡು ಬಂದಿರಬೇಕು. ಅದನ್ನು ಬಳಸುವಾಗ ಕೆಲವೊಮ್ಮೆ ಮುಜುಗರವನ್ನೂ ನುಂಗಬೇಕಾಗುತ್ತದೆ. 1990ರ ಆಗಸ್ಟ್ 2ರಂದು ಇರಾಕಿನ ಸದ್ದಾಂ ಹುಸೇನ್ ಕುವೈತನ್ನು ಆಕ್ರಮಿಸಿದಾಗ ಅಲ್ಲಿ ಒಂದೂಮುಕ್ಕಾಲು ಲಕ್ಷದ ಹತ್ತಿರ ಭಾರತೀಯರಿದ್ದರು. ಮಂಗಳೂರು, ಉಡುಪಿ, ಭಟ್ಕಳದ ಎಷ್ಟೋ ಮನೆಗಳಲ್ಲಿ ಆ ದಿನಗಳ ನೆನಪು ಇನ್ನೂ ಇದೆ. ವಿ.ಪಿ. ಸಿಂಗ್ ಸರ್ಕಾರದ ವಿದೇಶಾಂಗ ಸಚಿವ ಐ.ಕೆ. ಗುಜ್ರಾಲ್ ಬಾಗ್ದಾದಿಗೆ ಹೋದರು. ಸದ್ದಾಂ ಅವರನ್ನು ತಬ್ಬಿಕೊಂಡ ಚಿತ್ರ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು. ಆಕ್ರಮಣಕಾರನನ್ನು ಅಪ್ಪಿಕೊಳ್ಳುವುದೇ ಎಂದು ದೇಶದೊಳಗೂ ಹೊರಗೂ ಟೀಕೆ ಬಂತು. ಆ ಟೀಕೆ ಪೂರ್ತಿ ತಪ್ಪೆಂದು ನಾನು ಹೇಳುವುದಿಲ್ಲ, ಕುವೈತಿನ ಜನರಿಗೆ ಆ ಚಿತ್ರ ನೋವು ತಂದದ್ದು ನಿಜ. ಆದರೂ ಗುಜ್ರಾಲ್ ಹೋಗದೆ ಇರಬೇಕಿತ್ತು ಎಂದು ನನಗೆ ಒಮ್ಮೆಯೂ ಅನ್ನಿಸಿಲ್ಲ. ಕುವೈತಿನಿಂದ ಬಸ್ರಾ, ಬಾಗ್ದಾದ್ ಹಾದು ಜೋರ್ಡಾನಿನ ಅಮ್ಮಾನ್‌ವರೆಗೆ ಬಸ್ಸುಗಳು ಹೋಗಬೇಕಿತ್ತು, ಆ ದಾರಿ ಇದ್ದದ್ದು ಸದ್ದಾಂ ಕೈಯಲ್ಲಿ. ಅಮ್ಮಾನ್‌ನಿಂದ ಏರ್ ಇಂಡಿಯಾ ಎರಡು ತಿಂಗಳ ಕಾಲ 488 ಬಾರಿ ಹಾರಾಟ ನಡೆಸಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ತಂದಿತು.

ಆ ಕಥೆಯಲ್ಲಿ ವಿಮಾನಗಳ ಅಂಕಿಸಂಖ್ಯೆಯನ್ನು ಎಲ್ಲರೂ ಹೇಳುತ್ತಾರೆ. ನನಗೆ ಮುಖ್ಯವೆನಿಸುವುದು ಒಂದು ಹಡಗು. ವಿಶ್ವಸಂಸ್ಥೆ ಇರಾಕ್ ಮೇಲೆ ದಿಗ್ಬಂಧನ ಹಾಕಿದ್ದರಿಂದ ಕುವೈತಿಗೂ ಸರಕು ಹೋಗುವಂತಿರಲಿಲ್ಲ. ಅಲ್ಲಿ ಉಳಿದಿದ್ದ ಭಾರತೀಯರಿಗೆ ಅಕ್ಕಿ, ಬೇಳೆ ಮುಗಿಯುತ್ತ ಬಂದಿತ್ತು. ಭಾರತ ನ್ಯೂಯಾರ್ಕಿನಲ್ಲಿ ಕೂತು ವಾದ ಮಾಡಿತು. ಆಹಾರದ ವಿಷಯದಲ್ಲಿ ಮಾನವೀಯ ವಿನಾಯಿತಿಯ ದಾರಿ ತೋರಿಸಿದ 666ನೇ ನಿರ್ಣಯವನ್ನು ಭದ್ರತಾ ಮಂಡಳಿ ಸೆಪ್ಟೆಂಬರ್ 13ರಂದು ಅಂಗೀಕರಿಸಿತು. ಅದಾದ ಮೇಲೆ ‘ವಿಶ್ವ ಸಿದ್ಧಿ’ ಎಂಬ ನಮ್ಮ ಸರಕು ಹಡಗು ಆಹಾರ ತುಂಬಿಕೊಂಡು ಹೊರಟಿತು. ಕೊಲ್ಲಿಯಲ್ಲಿ ಬಹುರಾಷ್ಟ್ರೀಯ ಯುದ್ಧನೌಕೆಗಳು ಕಾವಲಿದ್ದವು, ಕುವೈತಿನ ದಂಡೆಯಲ್ಲಿ ಇರಾಕಿ ಸೈನಿಕರಿದ್ದರು. ಯಾರೂ ಗುಂಡು ಹಾರಿಸದಂತೆ ಆ ಹಡಗು ಹಾದುಹೋದದ್ದು ಒಂದು ಕಾಗದದ ಬಲದಿಂದ. ಅಧಿಕಾರಿಗಳು ತಿಂಗಳುಗಟ್ಟಲೆ ಒಂದೊಂದು ವಾಕ್ಯಕ್ಕೂ ಹೊಡೆದಾಡುವುದನ್ನು ಕಾಲಹರಣ ಎನ್ನುವವರಿಗೆ ನಾನು ಈ ಹಡಗಿನ ಹೆಸರು ಹೇಳುತ್ತೇನೆ.

ನಮ್ಮ ನೆಲಕ್ಕೆ ಹತ್ತಿರದ ಮಾತು ಸುಡಾನಿನದು. 2023ರ ಏಪ್ರಿಲ್ 15ರಂದು ಖಾರ್ಟೂಮಿನಲ್ಲಿ ಸೈನ್ಯಕ್ಕೂ ಆರ್‌ಎಸ್‌ಎಫ್ ಎಂಬ ಅರೆಸೈನಿಕ ಪಡೆಗೂ ಕಾಳಗ ಹತ್ತಿಕೊಂಡಾಗ ಕರ್ನಾಟಕದ ಹಕ್ಕಿಪಿಕ್ಕಿ ಸಮುದಾಯದವರು ಅಲ್ಲಿ ಸಿಕ್ಕಿಬಿದ್ದಿದ್ದಾರೆಂಬ ಸುದ್ದಿ ಬಂತು. ಅನೇಕರಿಗೆ ಆಗಲೇ ಗೊತ್ತಾದದ್ದು, ಶಿವಮೊಗ್ಗ, ದಾವಣಗೆರೆ, ಹುಣಸೂರು ಕಡೆಯ ಹಾಡಿ, ಕ್ಯಾಂಪುಗಳಿಂದ ಈ ಜನ ಕೂದಲೆಣ್ಣೆ, ಗಿಡಮೂಲಿಕೆ ಹೊತ್ತು ಆಫ್ರಿಕಾದ ದೇಶ ದೇಶ ಸುತ್ತಿ ವ್ಯಾಪಾರ ಮಾಡುತ್ತಾರೆ ಎಂಬುದು. ಗಂಡ ಹೆಂಡತಿ ಇಬ್ಬರೂ ಹೋಗುತ್ತಾರೆ, ಮಕ್ಕಳನ್ನು ಅಜ್ಜಿಯ ಹತ್ತಿರ ಬಿಟ್ಟಿರುತ್ತಾರೆ. ಅವರಲ್ಲಿ ಕೆಲವರಿದ್ದದ್ದು ಖಾರ್ಟೂಮಿನಿಂದ ಬಹುದೂರ, ದಾರ್ಫುರ್ ಪ್ರಾಂತ್ಯದ ಎಲ್ ಫಾಶರ್‌ನಲ್ಲಿ. ಬಾಡಿಗೆ ಮನೆಯೊಳಗೆ ಬಾಗಿಲು ಹಾಕಿಕೊಂಡು ಕೂತು, ಕರೆಂಟು ಬಂದಾಗ ಮೊಬೈಲು ಚಾರ್ಜ್ ಮಾಡಿಕೊಂಡು ಊರಿಗೆ ವಿಡಿಯೊ ಕಳಿಸುತ್ತಿದ್ದರು. ನೀರಿಲ್ಲ, ತಿನ್ನಲು ಏನೂ ಇಲ್ಲ ಎಂಬ ಆ ವಿಡಿಯೊಗಳು ಚುನಾವಣೆಯ ಹೊತ್ತಿನಲ್ಲಿ ಇಲ್ಲಿ ರಾಜಕೀಯ ಜಗಳಕ್ಕೂ ಕಾರಣವಾದವು. ಅದು ಬೇಡದ ಜಗಳ. ಎರಡು ಪಕ್ಷಗಳ ನಡುವೆ ಹೆಸರುಗಳ ಪಟ್ಟಿ ಹರಿದಾಡುವುದರಿಂದ ಅಲ್ಲಿದ್ದವರಿಗೆ ಸಿಗುವುದು ಏನೂ ಇಲ್ಲ.

ನಮ್ಮ ರಾಯಭಾರ ಕಚೇರಿ ಇದ್ದದ್ದು ಖಾರ್ಟೂಮಿನ ಕಾದಾಟದ ನಟ್ಟನಡುವೆ. ಅಲ್ಲಿನ ಅಧಿಕಾರಿಗಳೂ ಹೊರಗೆ ಕಾಲಿಡುವಂತಿರಲಿಲ್ಲ. ದೆಹಲಿಯಿಂದ ಸೌದಿ, ಯುಎಇ, ಈಜಿಪ್ಟ್, ಅಮೆರಿಕ, ಬ್ರಿಟನ್ನಿಗೆ ಕರೆಗಳು ಹೋದವು. ಸುಡಾನಿನ ಇಬ್ಬರು ಸೇನಾನಿಗಳ ಮೇಲೆ ಯಾರ ಮಾತು ನಡೆಯುತ್ತದೋ ಅವರನ್ನೆಲ್ಲ ಹಿಡಿಯಬೇಕಿತ್ತು. ಅಮೆರಿಕ ಮತ್ತು ಸೌದಿ ಮುಂದೆ ನಿಂತು 72 ಗಂಟೆಗಳ ಕದನ ವಿರಾಮ ಮಾಡಿಸಿದವು, ಅದೂ ಹರಕುಮುರುಕು. ಆ ಸಂದಿಯಲ್ಲೇ ಬಸ್ಸುಗಳು ಎಂಟುನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಪೋರ್ಟ್ ಸುಡಾನಿಗೆ ಹೊರಟವು. ಏಪ್ರಿಲ್ 25ರಂದು ಐಎನ್‌ಎಸ್ ಸುಮೇಧಾ ಮೊದಲ 278 ಜನರನ್ನು ಜೆಡ್ಡಾಕ್ಕೆ ಕರೆದೊಯ್ದಿತು. ಪೋರ್ಟ್ ಸುಡಾನ್ ತಲುಪಲಾಗದ 121 ಜನರಿಗಾಗಿ ವಾಯುಪಡೆಯ ಸಿ–130ಜೆ ವಿಮಾನವೊಂದು ಖಾರ್ಟೂಮಿನ ಉತ್ತರಕ್ಕಿರುವ ವಾದಿ ಸಯ್ಯಿದ್ನಾ ಎಂಬ ಕಡೆ, ದೀಪವಿಲ್ಲದ ರನ್‌ವೇ ಮೇಲೆ ರಾತ್ರಿ ಇಳಿಯಿತು. ಪೈಲಟ್‌ಗಳು ನೈಟ್ ವಿಷನ್ ಕನ್ನಡಕ ಹಾಕಿಕೊಂಡಿದ್ದರು. ಜನ ಹತ್ತುವಷ್ಟು ಹೊತ್ತೂ ಎಂಜಿನ್ ಆರಿಸಲಿಲ್ಲ. ಕಾರ್ಯಾಚರಣೆಗೆ ಇಟ್ಟ ಹೆಸರು ‘ಕಾವೇರಿ’. ಒಟ್ಟು 3,862 ಜನ ಹೊರಬಂದರು, ನಮ್ಮ ಹಕ್ಕಿಪಿಕ್ಕಿಗಳೂ ಬಂದರು.

ಇಲ್ಲಿ ನನಗೆ ತಳಮಳ ಉಂಟುಮಾಡುವ ಸಂಗತಿಯೊಂದಿದೆ. ಹೊರದೇಶದಲ್ಲಿರುವ ನಮ್ಮವರು ಯಾರು, ಎಲ್ಲಿದ್ದಾರೆ ಎಂಬುದು ಅವರೇ ನೋಂದಾಯಿಸಿಕೊಂಡರೆ ಮಾತ್ರ ರಾಯಭಾರ ಕಚೇರಿಗೆ ಗೊತ್ತಾಗುತ್ತದೆ. ಕಂಪನಿಯ ಎಂಜಿನಿಯರು, ವಿಶ್ವವಿದ್ಯಾಲಯದ ವಿದ್ಯಾರ್ಥಿ ಒಂದಲ್ಲ ಒಂದು ಪಟ್ಟಿಯಲ್ಲಿರುತ್ತಾರೆ. ಚೀಲದಲ್ಲಿ ಎಣ್ಣೆ ಸೀಸೆ ಇಟ್ಟುಕೊಂಡು ಊರೂರು ಅಲೆಯುವವರು ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಅವರಿಗೆ ಹೋಗಬೇಡಿ ಎನ್ನುವುದು ಸರಿಯಲ್ಲ, ಅದು ಅವರ ಅನ್ನದ ದಾರಿ. ಅವರ ಕ್ಯಾಂಪುಗಳಿಗೇ ಹೋಗಿ, ಅವರ ಮಾತು ಬಲ್ಲವರನ್ನು ಜೊತೆಗಿಟ್ಟುಕೊಂಡು, ಹೊರಡುವ ಮುಂಚೆಯೇ ಹೆಸರು, ಫೋನು, ಹೋಗುವ ದೇಶ ಬರೆದುಕೊಳ್ಳುವ ಒಂದು ಏರ್ಪಾಡು ನಮ್ಮ ರಾಜ್ಯ ಸರ್ಕಾರದಿಂದ ಆಗಬೇಕು. ಇದಕ್ಕೆ ದೊಡ್ಡ ಹಣವೂ ಬೇಡ, ದೆಹಲಿಯ ಅಪ್ಪಣೆಯೂ ಬೇಡ.

ಮಾತು ಎಲ್ಲ ಕಡೆಯೂ ಗೆಲ್ಲುವುದಿಲ್ಲ. 2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್‌ನಲ್ಲಿ ನಮ್ಮ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಸತ್ತ ಸುದ್ದಿ ಬಂದ ದಿನ ನೆನಪಾದರೆ ಈಗಲೂ ಎದೆ ಭಾರವಾಗುತ್ತದೆ. ಮರುದಿನ ರಾಯಭಾರ ಕಚೇರಿ ಹೊರಡಿಸಿದ ಸೂಚನೆ ಹೀಗಿತ್ತು: ಖಾರ್ಕಿವ್ ಈ ಕ್ಷಣವೇ ಬಿಡಿ, ಬಸ್ಸು ರೈಲು ಸಿಗದಿದ್ದರೆ ನಡೆದೇ ಹೋಗಿ, ಸಂಜೆ ಆರರೊಳಗೆ ಪೆಸೊಚಿನ್, ಬಬಾಯೆ ಅಥವಾ ಬೆಜ್ಲ್ಯುದೊವ್ಕಾ ತಲುಪಿ. ಹತ್ತಿರದ ಊರೇ ಹನ್ನೊಂದು ಕಿಲೋಮೀಟರ್. ಹಿಮದಲ್ಲಿ ಹುಡುಗ ಹುಡುಗಿಯರು ಬ್ಯಾಗು ಎಳೆದುಕೊಂಡು ನಡೆದರು. ಅದಾದ ಕೆಲವೇ ದಿನಗಳಲ್ಲಿ ಸುಮಿ ಎಂಬ ಊರಿನಲ್ಲಿ ಸುಮಾರು 700 ವಿದ್ಯಾರ್ಥಿಗಳು ಬಾಕಿಯಾದರು. ಮೊದಲ ಸಲ ಬಸ್ಸು ಹತ್ತಿಸಿ ಮತ್ತೆ ಇಳಿಸಬೇಕಾಯಿತು, ಏಕೆಂದರೆ ಕದನ ವಿರಾಮ ನಿಲ್ಲಲಿಲ್ಲ. ಪ್ರಧಾನಿ ಒಂದೇ ದಿನ ಪುಟಿನ್ ಜೊತೆಗೂ ಝೆಲೆನ್‌ಸ್ಕಿ ಜೊತೆಗೂ ಮಾತಾಡಿದ ಮೇಲೆ, ಮಾರ್ಚ್ 8ರಂದು ಬಸ್ಸುಗಳು ಪೊಲ್ತಾವಾ ಕಡೆ ಹೊರಟವು. ಆ ಮಾತುಕತೆ ಇನ್ನೊಂದು ವಾರ ಮೊದಲೇ ಇಷ್ಟೇ ಗಟ್ಟಿಯಾಗಿ ನಡೆಯಬಹುದಿತ್ತೇ ಎಂಬ ಪ್ರಶ್ನೆ ಹಾವೇರಿಯವರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ.

2025ರ ಜೂನ್‌ನಲ್ಲಿ ಇಸ್ರೇಲ್ ಇರಾನ್ ಮೇಲೆ ದಾಳಿ ಮಾಡಿದಾಗ ಗೌರಿಬಿದನೂರಿನ ಹತ್ತಿರದ ಅಲೀಪುರದಲ್ಲಿ ಮನೆಮನೆಯಲ್ಲೂ ದಿಗಿಲು. ಆ ಊರಿನ ಎಷ್ಟೋ ಮಂದಿ ಓದಿಗೆ, ಯಾತ್ರೆಗೆ ಇರಾನಿಗೆ ಹೋಗಿಬರುವವರು. ಇರಾನ್ ತನ್ನ ಆಕಾಶವನ್ನೇ ಮುಚ್ಚಿತ್ತು, ಆದರೂ ಭಾರತದ ಕೋರಿಕೆಯ ಮೇಲೆ ಮಶ್ಹದ್‌ನಿಂದ ವಿಶೇಷ ವಿಮಾನಗಳಿಗೆ ಅದನ್ನು ತೆರೆಯಿತು. ಇತ್ತ ಇಸ್ರೇಲಿನಲ್ಲಿದ್ದವರನ್ನು ನೆಲದ ದಾರಿಯಲ್ಲಿ ಜೋರ್ಡಾನ್, ಈಜಿಪ್ಟಿಗೆ ದಾಟಿಸಿದರು. ಒಂದೇ ಯುದ್ಧದ ಎರಡೂ ದಡಗಳಿಂದ ನಾಲ್ಕು ಸಾವಿರಕ್ಕೂ ಹೆಚ್ಚು ಜನ ಬಂದರು.

ಇಷ್ಟು ನೆಲದ ಮೇಲಿರುವವರ ಮಾತು. ಕರಾವಳಿಯ ತಾಯಂದಿರ ಪ್ರಶ್ನೆಗೆ ಬರುತ್ತೇನೆ.

ಹಡಗಿನಲ್ಲಿರುವವನ ಕಷ್ಟ ಏನೆಂದರೆ ಅವನು ಯಾವ ದೇಶದಲ್ಲೂ ಇರುವುದಿಲ್ಲ. ಕಾನೂನಿನ ಕಣ್ಣಿಗೆ ಹಡಗು ಯಾವ ದೇಶದ ಬಾವುಟ ಹಾರಿಸುತ್ತದೋ ಆ ದೇಶದ್ದು. ಇದನ್ನು ಸ್ಪಷ್ಟವಾಗಿ ನೋಡಬೇಕಾದರೆ ಎಂಎಸ್‌ಸಿ ಏರೀಸ್ ಎಂಬ ಕಂಟೇನರ್ ಹಡಗನ್ನು ತೆಗೆದುಕೊಳ್ಳಿ. 2024ರ ಏಪ್ರಿಲ್ 13ರಂದು ಹೋರ್ಮುಜ್ ಜಲಸಂಧಿಯ ಹತ್ತಿರ ಇರಾನಿನ ರೆವಲ್ಯೂಷನರಿ ಗಾರ್ಡ್ ಯೋಧರು ಹೆಲಿಕಾಪ್ಟರಿನಿಂದ ಹಗ್ಗ ಹಿಡಿದು ಅದರ ಮೇಲಿಳಿದು ವಶಪಡಿಸಿಕೊಂಡರು. ಬಾವುಟ ಪೋರ್ಚುಗಲ್‌ದು. ನಡೆಸುವ ಕಂಪನಿ ಸ್ವಿಟ್ಜರ್‌ಲೆಂಡಿನಲ್ಲಿತ್ತು. ಮಾಲೀಕತ್ವದ ನಂಟು ಲಂಡನ್ನಿನ ಸಂಸ್ಥೆಯೊಂದರ ಮೂಲಕ ಇಸ್ರೇಲಿ ಉದ್ಯಮಿಯೊಬ್ಬರ ಕುಟುಂಬಕ್ಕೆ ಹೋಗುತ್ತಿತ್ತು, ಇರಾನ್ ಕಣ್ಣಿಟ್ಟದ್ದು ಅದಕ್ಕೇ. ಹಡಗಿನಲ್ಲಿದ್ದ 25 ಜನರಲ್ಲಿ 17 ಮಂದಿ ಭಾರತೀಯರು. ಉಳಿದವರು ಫಿಲಿಪೀನ್ಸ್, ಪಾಕಿಸ್ತಾನ, ರಷ್ಯಾ, ಎಸ್ಟೋನಿಯಾದವರು. ಜಗಳ ಇದ್ದದ್ದು ಇರಾನಿಗೂ ಇಸ್ರೇಲಿಗೂ. ಹಡಗಿನಲ್ಲಿ ಇರಾನಿಯೂ ಇಲ್ಲ, ಇಸ್ರೇಲಿಯೂ ಇಲ್ಲ.

ಹೀಗಾದಾಗ ಅಧಿಕೃತವಾಗಿ ದೂರು ಕೊಡಬೇಕಾದದ್ದು ಪೋರ್ಚುಗಲ್. 1999ರಲ್ಲಿ ‘ಸೈಗಾ’ ಎಂಬ ಹಡಗಿನ ಪ್ರಕರಣದಲ್ಲಿ ಹ್ಯಾಂಬರ್ಗಿನ ಅಂತರರಾಷ್ಟ್ರೀಯ ಸಮುದ್ರ ಕಾನೂನು ನ್ಯಾಯಮಂಡಳಿ ಹೇಳಿದ್ದೂ ಇದನ್ನೇ: ಹಡಗು, ಅದರ ಸರಕು, ಅದರಲ್ಲಿರುವ ಎಲ್ಲರೂ ಸೇರಿ ಒಂದೇ ಘಟಕ, ಯಾವ ದೇಶದವರೇ ಆಗಿರಲಿ ಅವರೆಲ್ಲರ ಪರವಾಗಿ ಧ್ವಜ ರಾಷ್ಟ್ರ ಕೇಳಬಹುದು. ನಾವಿಕರಿಗೆ ಇದು ಒಳ್ಳೆಯ ತೀರ್ಪು. ಆದರೆ ಜಗತ್ತಿನ ದೊಡ್ಡ ಸರಕು ಹಡಗುಗಳಲ್ಲಿ ಬಹಳಷ್ಟು ಹಾರಿಸುವುದು ಪನಾಮಾ, ಲೈಬೀರಿಯಾ, ಮಾರ್ಷಲ್ ದ್ವೀಪಗಳ ಬಾವುಟ. ತೆರಿಗೆ ಕಡಿಮೆ, ಕಟ್ಟುಪಾಡು ಕಡಿಮೆ ಎಂದು ಮಾಲೀಕರು ಆ ಬಾವುಟ ಕೊಳ್ಳುತ್ತಾರೆ. ಮಾರ್ಷಲ್ ದ್ವೀಪಗಳ ಜನಸಂಖ್ಯೆ ನಮ್ಮ ಒಂದು ಹೋಬಳಿಯಷ್ಟು. ಅಂಥ ದೇಶ ಟೆಹರಾನಿನಲ್ಲೋ ಸನಾದಲ್ಲೋ ಯಾರ ಬಾಗಿಲು ತಟ್ಟೀತು? ಹಾಗಾಗಿ ಕೆಲಸ ಬೀಳುವುದು ನಾವಿಕನ ತಾಯ್ನಾಡಿನ ಮೇಲೆ. ಜಗತ್ತಿನ ನಾವಿಕರಲ್ಲಿ ಹತ್ತರಲ್ಲಿ ಒಬ್ಬರಷ್ಟು ಭಾರತೀಯರಿದ್ದಾರೆ, ಭಾರತದ ಬಾವುಟ ಹಾರಿಸುವ ಹಡಗುಗಳ ಪಾಲು ಮಾತ್ರ ಶೇ 1ರ ಆಸುಪಾಸು.

ಏರೀಸ್ ವಿಷಯದಲ್ಲಿ ವಿದೇಶಾಂಗ ಸಚಿವ ಜೈಶಂಕರ್ ಮರುದಿನವೇ ಇರಾನಿನ ಸಚಿವ ಅಮೀರ್ ಅಬ್ದುಲ್ಲಾಹಿಯಾನ್ ಜೊತೆ ಮಾತಾಡಿದರು. ನಮ್ಮ ರಾಯಭಾರ ಕಚೇರಿಗೆ ಸಿಬ್ಬಂದಿಯನ್ನು ಭೇಟಿ ಮಾಡುವ ಅವಕಾಶ ಸಿಕ್ಕಿತು. ಹಡಗಿನಲ್ಲಿದ್ದ ಏಕೈಕ ಭಾರತೀಯ ಮಹಿಳೆ, ಕೇರಳದ ಡೆಕ್ ಕೆಡೆಟ್, ಐದೇ ದಿನದಲ್ಲಿ ಕೊಚ್ಚಿಗೆ ಬಂದಿಳಿದರು. ಮೇ ತಿಂಗಳ ಮೊದಲ ವಾರದಲ್ಲಿ ಇರಾನ್ ಮಾನವೀಯ ದೃಷ್ಟಿಯಿಂದ ಎಲ್ಲರನ್ನೂ ಬಿಟ್ಟಿದ್ದೇವೆ ಎಂದಿತು. ಆದರೆ ಹಡಗು ಇರಾನಿನ ವಶದಲ್ಲೇ ಉಳಿಯಿತು. ಹಡಗನ್ನು ನೀರಿನ ಮೇಲೆ ಸುರಕ್ಷಿತವಾಗಿಡಲು ಕನಿಷ್ಠ ಇಷ್ಟು ಜನ ಇರಲೇಬೇಕೆಂಬ ನಿಯಮವಿದೆ. ಜನರೇಟರು ನಡೆಯಬೇಕು, ಲಂಗರು ಜಾರದಂತೆ ನೋಡಬೇಕು. ಹೀಗೆ ಕಾಗದದ ಮೇಲೆ ಬಿಡುಗಡೆಯಾದವರು ಹಂತ ಹಂತವಾಗಿ ಮನೆಗೆ ಬಂದರು. ಒಂದೊಂದು ಹೆಸರಿಗೂ ಮತ್ತೆ ಮಾತು, ಮತ್ತೆ ಪತ್ರ.

ಅದಕ್ಕಿಂತ ಮೊದಲು, 2023ರ ನವೆಂಬರ್ 19ರಂದು, ಹೌತಿಗಳು ಕೆಂಪು ಸಮುದ್ರದಲ್ಲಿ ‘ಗ್ಯಾಲಕ್ಸಿ ಲೀಡರ್’ ಎಂಬ ಹಡಗನ್ನು ಹಿಡಿದಿದ್ದರು. ಟರ್ಕಿಯಿಂದ ಭಾರತದ ಕಡೆ ಬರುತ್ತಿದ್ದ ಹಡಗದು, ಬಾವುಟ ಬಹಾಮಾಸ್‌ದು. ಅದರಲ್ಲಿದ್ದ ಫಿಲಿಪೀನ್ಸ್, ಉಕ್ರೇನ್, ಬಲ್ಗೇರಿಯಾ, ರೊಮೇನಿಯಾ, ಮೆಕ್ಸಿಕೊದ 25 ಜನ ಬಿಡುಗಡೆಯಾದದ್ದು 2025ರ ಜನವರಿಯಲ್ಲಿ, ಗಾಜಾ ಕದನ ವಿರಾಮ ಬಂದ ಮೇಲೆ, ಒಮಾನಿನ ಮಧ್ಯಸ್ಥಿಕೆಯಿಂದ. ಹದಿನಾಲ್ಕು ತಿಂಗಳು! ಆ ಹಡಗನ್ನು ದಡಕ್ಕೆ ಕಟ್ಟಿಹಾಕಿ ಜನರಿಗೆ ಪ್ರದರ್ಶನಕ್ಕಿಟ್ಟಿದ್ದರು. ಇಂಥ ಹೊತ್ತಿನಲ್ಲಿ ಒಮಾನ್, ಕತಾರ್‌ನಂಥ ಸಣ್ಣ ದೇಶಗಳ ಬೆಲೆ ತಿಳಿಯುತ್ತದೆ. ಎಲ್ಲರೂ ಮಾತುಬಿಟ್ಟವರ ಮನೆಗೂ ಅವರು ಹೋಗಿಬರುತ್ತಾರೆ.

ಹಡಗಿಗೆ ಬಾವುಟವೇ ಎಲ್ಲ ಎಂಬುದು ಅತ್ಯಂತ ಸ್ಪಷ್ಟವಾಗಿ ಕಂಡದ್ದು ಎಂಬತ್ತರ ದಶಕದ ‘ಟ್ಯಾಂಕರ್ ಯುದ್ಧ’ದಲ್ಲಿ. ಇರಾನ್ ಮತ್ತು ಇರಾಕ್ ಪರಸ್ಪರರ ತೈಲ ಸಾಗಣೆ ನಿಲ್ಲಿಸಲೆಂದು ಕೊಲ್ಲಿಯಲ್ಲಿ ಸಿಕ್ಕ ಸಿಕ್ಕ ಹಡಗುಗಳ ಮೇಲೆ ದಾಳಿ ಮಾಡುತ್ತಿದ್ದವು. ನಾನೂರಕ್ಕೂ ಹೆಚ್ಚು ವಾಣಿಜ್ಯ ಹಡಗುಗಳು ಪೆಟ್ಟು ತಿಂದವು. ಕುವೈತ್ ಜಾಣ ದಾರಿ ಹಿಡಿಯಿತು, ರಕ್ಷಣೆ ಕೊಡಿ ಎಂದು ಅಮೆರಿಕವನ್ನೂ ಸೋವಿಯತ್ ಒಕ್ಕೂಟವನ್ನೂ ಕೇಳಿತು. ಸೋವಿಯತ್ ತನ್ನ ಮೂರು ಟ್ಯಾಂಕರುಗಳನ್ನು ಬಾಡಿಗೆಗೆ ಕೊಟ್ಟಿತು. ಅಮೆರಿಕ ಕುವೈತಿನ 11 ಟ್ಯಾಂಕರುಗಳನ್ನು ತನ್ನ ದೇಶದಲ್ಲಿ ನೋಂದಾಯಿಸಿ ತನ್ನ ಬಾವುಟ ಏರಿಸಿತು, ಏಕೆಂದರೆ ತನ್ನ ಬಾವುಟದ ಹಡಗಿಗೆ ಮಾತ್ರ ಅದರ ನೌಕಾಪಡೆ ಕಾವಲು ಕೊಡಬಹುದಿತ್ತು. ‘ಅಲ್ ರೆಕ್ಕಾ’ ಎಂಬ ಟ್ಯಾಂಕರು ರಾತ್ರೋರಾತ್ರಿ ‘ಬ್ರಿಜ್‌ಟನ್’ ಆಯಿತು. 1987ರ ಜುಲೈ 24ರಂದು ಮೊದಲ ಬೆಂಗಾವಲು ಪಯಣದಲ್ಲೇ ಅದು ನೀರಿನೊಳಗಿನ ಸಿಡಿಮದ್ದಿಗೆ ತಗುಲಿತು. ಅಷ್ಟು ದೊಡ್ಡ ಟ್ಯಾಂಕರು ತೂತು ಬಿದ್ದರೂ ಮುಳುಗದು, ಯುದ್ಧನೌಕೆ ಮುಳುಗಿಬಿಡಬಹುದು. ಹಾಗಾಗಿ ಮುಂದಿನ ದಾರಿಯುದ್ದಕ್ಕೂ ಕಾವಲಿಗೆ ಬಂದ ಯುದ್ಧನೌಕೆಗಳು ಟ್ಯಾಂಕರಿನ ಹಿಂದೆ ಸಾಲಾಗಿ ಬಂದವು. ಬೇರೆ ದೇಶಗಳ ತಟಸ್ಥ ಹಡಗುಗಳು ಸಂಕಟದಲ್ಲಿದ್ದರೆ ನೆರವಾಗಬಹುದು ಎಂದು ಅಮೆರಿಕ ನೀತಿ ಬದಲಿಸಿದ್ದು 1988ರ ಏಪ್ರಿಲ್ ಕೊನೆಗೆ. ಅಲ್ಲಿಯವರೆಗೆ ಪಕ್ಕದಲ್ಲೇ ಹಡಗಿನ ಮೇಲೆ ದಾಳಿ ನಡೆಯುತ್ತಿದ್ದರೂ ಬಾವುಟ ಬೇರೆಯಾದರೆ ಅದನ್ನು ತಡೆಯುವುದು ಅಮೆರಿಕದ ಹೊಣೆಯಾಗಿರಲಿಲ್ಲ.

ಆ ವರ್ಷಗಳಲ್ಲಿ ಕೊಲ್ಲಿಗೆ ಹೋಗಿಬರುತ್ತಿದ್ದ ಉಡುಪಿ ಕಡೆಯ ನಿವೃತ್ತ ಮರೈನ್ ಎಂಜಿನಿಯರೊಬ್ಬರನ್ನು ನಾನು ಬಲ್ಲೆ. ಹೋರ್ಮುಜ್ ದಾಟುತ್ತಿದ್ದಂತೆ ದೀಪಗಳನ್ನೆಲ್ಲ ಆರಿಸುತ್ತಿದ್ದರಂತೆ. ಕ್ಯಾಬಿನ್ನಿನ ಹೊರಗೋಡೆ ಸಮುದ್ರದ ಕಡೆಗಿರುತ್ತದೆ ಎಂದು ಯಾರೂ ಅಲ್ಲಿ ಮಲಗುತ್ತಿರಲಿಲ್ಲ, ಒಳಗಿನ ಓಣಿಯಲ್ಲಿ ಲೈಫ್ ಜಾಕೆಟ್ ತಲೆದಿಂಬು ಮಾಡಿಕೊಂಡು ಸಾಲಾಗಿ ಒರಗುತ್ತಿದ್ದರು. ‘ಎಂಜಿನ್ ರೂಮಿಗೆ ಡ್ಯೂಟಿಗೆ ಇಳಿಯುವಾಗ ಮೆಟ್ಟಿಲು ಎಣಿಸಿಕೊಳ್ಳುತ್ತಿದ್ದೆ. ಕತ್ತಲಲ್ಲಿ ಓಡಿ ಬರಬೇಕಾದರೆ ಬೇಕಲ್ಲ ಸಾರ್’ ಎಂದರು. ಡೆಕ್ಕಿನ ಮೇಲೆ ವಿಮಾನದಿಂದ ಕಾಣುವಷ್ಟು ದೊಡ್ಡದಾಗಿ ಬಾವುಟದ ಚಿತ್ರ ಬರೆದಿದ್ದರಂತೆ. ಆ ಬಾವುಟದ ದೇಶವನ್ನು ಅವರು ತಮ್ಮ ಬದುಕಿನಲ್ಲಿ ನೋಡಿಲ್ಲ.

ಎದುರಾಳಿಗಳು ಒಬ್ಬರ ಮುಖ ಒಬ್ಬರು ನೋಡಲೊಪ್ಪದಿದ್ದರೂ ಹಡಗಿಗೆ ದಾರಿ ಬಿಡಿಸಬಹುದು ಎಂಬುದಕ್ಕೆ ಕಪ್ಪು ಸಮುದ್ರದ ಧಾನ್ಯ ಒಪ್ಪಂದ ಸಾಕ್ಷಿ. 2022ರ ಜುಲೈ 22ರಂದು ಇಸ್ತಾಂಬುಲ್‌ನಲ್ಲಿ ರಷ್ಯಾ ಮತ್ತು ಉಕ್ರೇನ್ ಒಂದೇ ಕಾಗದಕ್ಕೆ ಸಹಿ ಹಾಕಲಿಲ್ಲ. ಟರ್ಕಿ ಮತ್ತು ವಿಶ್ವಸಂಸ್ಥೆಯ ಜೊತೆ ಒಂದೇ ಒಕ್ಕಣೆಯ ಎರಡು ಪ್ರತ್ಯೇಕ ಕಾಗದಗಳಿಗೆ ಬೇರೆ ಬೇರೆಯಾಗಿ ಸಹಿ ಹಾಕಿದವು. ಮರುದಿನವೇ ಒಡೆಸಾ ಬಂದರಿನ ಮೇಲೆ ಕ್ಷಿಪಣಿ ಬಿತ್ತು, ಒಪ್ಪಂದ ಸತ್ತೇಹೋಯಿತೆಂದು ಎಲ್ಲರೂ ಅಂದುಕೊಂಡರು. ಆದರೂ ಆಗಸ್ಟ್ 1ರಂದು ‘ರಝೋನಿ’ ಎಂಬ ಹಡಗು ಮೆಕ್ಕೆಜೋಳ ತುಂಬಿಕೊಂಡು, ಸಿಡಿಮದ್ದುಗಳ ನಡುವಿನ ದಾರಿ ಬಲ್ಲವರ ನೆರವಿನಿಂದ ಹೊರಟಿತು. ಇಸ್ತಾಂಬುಲ್ ಹತ್ತಿರ ನಾಲ್ಕೂ ಕಡೆಯ ತಪಾಸಣೆಗಾರರು ಒಟ್ಟಿಗೆ ಹಡಗು ಹತ್ತಿ ನೋಡುತ್ತಿದ್ದರು. ಯುದ್ಧ ಮಾಡುತ್ತಿರುವ ಎರಡು ದೇಶಗಳ ಅಧಿಕಾರಿಗಳು ಒಂದೇ ಏಣಿ ಹತ್ತುತ್ತಿದ್ದರು! 2023ರ ಜುಲೈನಲ್ಲಿ ರಷ್ಯಾ ಹೊರನಡೆಯುವವರೆಗೆ 3.3 ಕೋಟಿ ಟನ್‌ನಷ್ಟು ಧಾನ್ಯ ಹೀಗೆ ಹೊರಗೆ ಹೋಯಿತು.

ಧಾನ್ಯಕ್ಕಾಗಿ ಜಗತ್ತು ಇಷ್ಟು ಮಾಡಿತು, ಧಾನ್ಯ ಹೊತ್ತವನಿಗಾಗಿಯೂ ಒಂದು ಸ್ಥಿರವಾದ ಏರ್ಪಾಡು ಬೇಡವೇ? ವಿಶ್ವಸಂಸ್ಥೆಯ ಅಂತರರಾಷ್ಟ್ರೀಯ ಕಾನೂನು ಆಯೋಗ 2006ರಲ್ಲಿ ಸಿದ್ಧಪಡಿಸಿದ ರಾಜತಾಂತ್ರಿಕ ರಕ್ಷಣೆಯ ಕರಡು ನಿಯಮಗಳಲ್ಲಿ 18ನೆಯದು ಹೀಗೆ ಹೇಳುತ್ತದೆ. ಹಡಗಿನ ಸಿಬ್ಬಂದಿಯ ಪರವಾಗಿ ನಿಲ್ಲುವ ಹಕ್ಕು ಧ್ವಜ ರಾಷ್ಟ್ರಕ್ಕೂ ಇದೆ, ಅವರ ತಾಯ್ನಾಡಿಗೂ ಇದೆ. ಆದರೆ ಅದು ಇನ್ನೂ ಕರಡಾಗಿಯೇ ಉಳಿದಿದೆ. ಅದನ್ನು ಒಪ್ಪಂದವಾಗಿಸಲು ಪಟ್ಟು ಹಿಡಿಯಬೇಕಾದ ದೇಶಗಳೆಂದರೆ ಭಾರತ ಮತ್ತು ಫಿಲಿಪೀನ್ಸ್, ಜಗತ್ತಿನ ಹಡಗುಗಳು ಓಡುತ್ತಿರುವುದೇ ಇವರ ಮಕ್ಕಳಿಂದ. ಹಡಗು ವಶವಾದ ಇಂತಿಷ್ಟು ಗಂಟೆಯೊಳಗೆ ಸಿಬ್ಬಂದಿಯ ದೇಶಗಳಿಗೆ ತಿಳಿಸಬೇಕು, ರಾಯಭಾರಿಗಳಿಗೆ ಅವರನ್ನು ನೋಡಲು ಬಿಡಬೇಕು, ಹಡಗಿನ ವ್ಯಾಜ್ಯ ಏನೇ ಇರಲಿ ಜನರನ್ನು ಮೊದಲು ಬಿಡಬೇಕು. ಇಷ್ಟು ಬರಹದಲ್ಲಿ ಬಂದರೂ ಎಷ್ಟೋ ಮನೆಗಳ ರಾತ್ರಿಗಳು ಹಗುರಾಗುತ್ತವೆ. 2024ರ ಮಾರ್ಚ್‌ನಲ್ಲಿ ‘ಟ್ರೂ ಕಾನ್ಫಿಡೆನ್ಸ್’ ಹಡಗಿಗೆ ಹೌತಿ ಕ್ಷಿಪಣಿ ಬಡಿದು ಮೂವರು ನಾವಿಕರು ಸತ್ತಾಗ, ಬದುಕುಳಿದವರನ್ನು ತೆಪ್ಪಗಳಿಂದ ಎತ್ತಿಕೊಂಡದ್ದು ನಮ್ಮ ಐಎನ್‌ಎಸ್ ಕೋಲ್ಕತಾ. ಅವರಲ್ಲಿ ಭಾರತೀಯ ಒಬ್ಬನೇ. ನೌಕಾಪಡೆಯ ಆ ಹುಡುಗರು ಬಾವುಟ ಯಾವುದೆಂದು ಕೇಳುತ್ತ ನಿಲ್ಲಲಿಲ್ಲ. ಅಂಥದ್ದನ್ನು ಮಾಡಿದ ದೇಶ ಈ ಬೇಡಿಕೆಯನ್ನು ಗಟ್ಟಿ ದನಿಯಲ್ಲಿ ಮುಂದಿಡಬಹುದು.

ಅದು ಆಗುವವರೆಗೆ, ಶಿಪ್ಪಿಗೆ ಹೋಗುವ ಮಕ್ಕಳಿರುವ ಮನೆಯವರು ಮಾಡಬಹುದಾದದ್ದು ಕೆಲವಿದೆ. ಅಪಾಯದ ವಲಯವೆಂದು ಗುರುತಿಸಿದ ಕಡೆ ಹಡಗು ಹೋಗುವುದಾದರೆ ಬರುವುದಿಲ್ಲ ಎನ್ನುವ ಹಕ್ಕು ಕಾರ್ಮಿಕ ಸಂಘಟನೆಗಳ ಒಪ್ಪಂದಕ್ಕೆ ಒಳಪಟ್ಟ ಹಡಗುಗಳ ನಾವಿಕರಿಗಿದೆ. ಹೋದರೆ ಆ ದಿನಗಳಿಗೆ ಮೂಲ ವೇತನ ಎರಡು ಪಟ್ಟು. ನಿಮ್ಮ ಮಗನ ಕರಾರಿನಲ್ಲಿ ಅದು ಇದೆಯೇ ಎಂದು ಸೈನ್ ಆನ್ ಆಗುವ ಮುಂಚೆ ಕೇಳಿ. ಕರಾರಿನ ಒಂದು ಪ್ರತಿ ಮನೆಯಲ್ಲಿರಲಿ. ಕೆಲಸ ಕೊಡಿಸಿದ ಏಜೆಂಟರಿಗೆ ಕೇಂದ್ರದ ಹಡಗು ಸಾರಿಗೆ ಮಹಾನಿರ್ದೇಶನಾಲಯದ (ಡಿಜಿ ಶಿಪ್ಪಿಂಗ್) ಲೈಸೆನ್ಸ್ ಇದೆಯೇ ನೋಡಿಕೊಳ್ಳಿ, ಇಲ್ಲದವರ ಮೂಲಕ ಹೋದವನು ಸರ್ಕಾರದ ಲೆಕ್ಕಕ್ಕೇ ಸಿಗುವುದಿಲ್ಲ. ಹಡಗಿನ ಐಎಂಒ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಅದು ಏಳು ಅಂಕಿಯದು. ಹಡಗಿನ ಹೆಸರು, ಮಾಲೀಕ, ಬಾವುಟ ಎಲ್ಲ ಬದಲಾದರೂ ಆ ಸಂಖ್ಯೆ ಬದಲಾಗುವುದಿಲ್ಲ. ಸಹಾಯವಾಣಿಗೆ ಫೋನ್ ಮಾಡಿದಾಗ ಮಗನ ಹೆಸರಿನ ಜೊತೆಗೆ ಅದನ್ನೂ ಹೇಳಿದರೆ, ಅವನಿರುವ ಹಡಗು ಯಾವುದೆಂದು ಆ ಕಡೆಯವರಿಗೆ ಗೊಂದಲವಿಲ್ಲದೆ ತಿಳಿಯುತ್ತದೆ.